ಕೆರೆಯ ದಂಡೆಯಲ್ಲಿ ನೀರಿನ ಲೆಕ್ಕ

ಪವಾಯಿಯ ಕೆರೆಯನ್ನು ೧೮೯೧ರಲ್ಲಿ ಕಟ್ಟಿಸಿದ್ದು ಮುಂಬಯಿಗೆ ಕುಡಿಯುವ ನೀರೊದಗಿಸಲೆಂದು. ಆದರೆ ನೀರು ಕೆಟ್ಟು ಕುಡಿಯಲು ಒದಗದೆ ಹೋಯಿತು. ೧೯೫೮ರಲ್ಲಿ ಆರಂಭವಾಗಿ ಆಮೇಲೆ ಅದೇ ದಂಡೆಗೆ ಬಂದ ಐ.ಐ.ಟಿ. ಇಂದು ಒಂದು ಊರಿನಷ್ಟೇ ದೊಡ್ಡದು. ನಗರದ ಕುಡಿಯುವ ನೀರಾದರೋ ಬಹುಪಾಲು ಸುಮಾರು ನೂರು ಕಿಲೋಮೀಟರು ದೂರದ ಭಾತ್ಸಾ, ವೈತರಣಾ ಜಲಾಶಯಗಳಿಂದ ಬರುತ್ತದೆ.

ಇಂತಹ ವಿದ್ಯಾಲಯಗಳ ಕಟ್ಟಡಗಳಲ್ಲಿ ನೀರು ಖರ್ಚಾಗುವುದು ಕುಡಿಯುವುದಕ್ಕಲ್ಲ. ಶೌಚಾಲಯ, ಸ್ನಾನಗೃಹ, ಅಡುಗೆಮನೆಗಳಿಗೆ. ಹಳೆಯ ಫ್ಲಶ್ ತೊಟ್ಟಿ ಒಂದು ಸಲಕ್ಕೆ ಸುಮಾರು ಹತ್ತು ಲೀಟರು ಸುರಿಯುವಲ್ಲಿ, ಎರಡು ಗುಂಡಿಯ ಹೊಸ ತೊಟ್ಟಿಗೆ ಮೂರು ಇಲ್ಲವೆ ಆರು ಲೀಟರು ಸಾಕು. ನಲ್ಲಿಯ ಬಾಯಿಗೆ ಗಾಳಿ ಬೆರೆಸುವ ಜಾಲರಿ ತೊಡಿಸಿದರೆ ಮತ್ತಷ್ಟು ಉಳಿತಾಯ. ೨೦೨೪ರ ಮಾರ್ಚಿನಲ್ಲಿ ನೀರಿನ ಬರ ಬಂದಾಗ ಬೆಂಗಳೂರು ಜಲಮಂಡಲಿಯು ವಾಣಿಜ್ಯ ಕಟ್ಟಡಗಳಿಗೆ ಈ ಜಾಲರಿಯನ್ನೇ ಕಡ್ಡಾಯಗೊಳಿಸಿತು.

ಸಾವಿರ ವಿದ್ಯಾರ್ಥಿಗಳ ವಸತಿಗೃಹದಲ್ಲಿ ತಲೆಗೆ ದಿನಕ್ಕೆ ಹತ್ತೇ ಲೀಟರು ಉಳಿದರೂ ಹತ್ತು ಸಾವಿರ ಲೀಟರಾಯಿತು. ಅಂದರೆ ಒಂದು ದೊಡ್ಡ ಟ್ಯಾಂಕರು. ಚಾಳಿನ ನಲ್ಲಿಯ ಮುಂದೆ ಕೊಡವಿಟ್ಟು ಕಾದ ನಮ್ಮವರಿಗೆ ಅದರ ಬೆಲೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ನಾವು ಬಿನ್ನವಿಸುವುದಿಷ್ಟೆ: ಈ ಲೆಕ್ಕ ವಿದ್ಯಾಲಯಕ್ಕೆ ಮಾತ್ರ ಸೇರಿದ್ದಲ್ಲ. ಹೊಟೇಲಿನಲ್ಲಿ ಪಾತ್ರೆಯನ್ನು ಹರಿಯುವ ನಲ್ಲಿಯ ಕೆಳಗಲ್ಲ, ತೊಟ್ಟಿಯಲ್ಲಿ ತೊಳೆಯೋಣ. ಆಫೀಸಿನಲ್ಲಿ ಸೋರುವ ನಲ್ಲಿಯನ್ನು ಕಂಡ ಗುಮಾಸ್ತರು ಅಂದೇ ಮೇಲಿನವರಿಗೆ ತಿಳಿಸಲಿ. ತುಂಬಿದ ಕೆರೆಯ ಪಕ್ಕದಲ್ಲಿದ್ದೂ ದೂರದ ನೀರಿಗೆ ಕೈಯೊಡ್ಡುವ ಊರಿಗೆ ಹನಿಯೂ ಹಗುರವಲ್ಲ.