ಹಾಡಿದಾಕೆಯ ಹೆಸರೆಲ್ಲಿ? : ಸಂಶೋಧನೆಯ ನೀತಿ ಕುರಿತು

ನಾನು ಐದನೇ ಇಯತ್ತೆಯಲ್ಲಿದ್ದಾಗ ಹುಮನಾಬಾದ್ ಸೀಮೆಯ ನಮ್ಮ ಕೇರಿಗೆ ಸಂಶೋಧಕರೊಬ್ಬರು ಟೇಪ್ ರೆಕಾರ್ಡರ್ ಹಿಡಿದು ಬಂದಿದ್ದರು. ಆಯಿ ಎರಡು ದಿನದ ಕೂಲಿ ಬಿಟ್ಟು ಬೀಸುವ ಪದ ಹಾಡಿದಳು. ಎಂ.ಎ. ಓದುವಾಗ ಆ ಹಾಡುಗಳು ಲೈಬ್ರರಿಯ ಒಂದು ಪುಸ್ತಕದಲ್ಲಿ ಸಿಕ್ಕವು. ಕೊನೆಯ ಪುಟದಲ್ಲಿ ‘ವಕ್ತೃ: ಹರಿಜನ ಮುದುಕಿ’ ಅಂತಿತ್ತು, ಅಷ್ಟೇ. ಆಯಿಗೆ ತೋರಿಸಿದೆ. ಅಕ್ಷರ ಬಾರದ ಆಕೆ ಕೇಳಿದ್ದು ಒಂದೇ ಮಾತು: “ನನ್ನ ಹೆಸರು ಎಲ್ಲಿ ಅದ, ತೋರ್ಸು.”

ಸಂಶೋಧನೆಯ ನೀತಿ ಎಂದರೆ ಈ ಪ್ರಶ್ನೆಗೆ ಉತ್ತರ ಕೊಡುವುದು. ಆದರೆ ಇವತ್ತು ಆ ಮಾತು ಪರ್ಸೆಂಟೇಜಿನಲ್ಲೇ ಮುಗಿದುಹೋಗುತ್ತಿದೆ. ಕೃತಿಚೌರ್ಯ ತಡೆಯಲು ವಿಶ್ವವಿದ್ಯಾಲಯ ಅನುದಾನ ಆಯೋಗ 2018ರಲ್ಲಿ ನಿಯಮ ತಂದಿತು. ಮಹಾಪ್ರಬಂಧದಲ್ಲಿ ಬೇರೆ ಬರಹದ ಹೋಲಿಕೆ ಶೇ. 10ರೊಳಗಿದ್ದರೆ ದಂಡವಿಲ್ಲ. 40ರವರೆಗೆ ಇದ್ದರೆ ಆರು ತಿಂಗಳೊಳಗೆ ತಿದ್ದಿ ಕೊಡಬೇಕು. 60ರವರೆಗಾದರೆ ಒಂದು ವರ್ಷ ಸಲ್ಲಿಸುವಂತಿಲ್ಲ. ಅದನ್ನೂ ಮೀರಿದರೆ ನೋಂದಣಿ ರದ್ದು. ನಿಯಮ ಬೇಕಾದದ್ದೇ. ಆದರೆ ಯಂತ್ರ ಹೋಲಿಸಿ ನೋಡುವುದು ಮೊದಲೇ ಬರಹವಾಗಿರುವುದನ್ನು ಮಾತ್ರ. ಆಯಿಯ ಬಾಯಿಂದ ಒಂದಿಡೀ ಪುಸ್ತಕ ಎತ್ತಿದರೂ ಅದರ ಲೆಕ್ಕದಲ್ಲಿ ಬರುವುದು ಸೊನ್ನೆ. ಅಕ್ಷರದಿಂದ ದೂರವಿಟ್ಟ ಜನರಿಂದ ಕದ್ದದ್ದು ಕಳವು ಅನ್ನಿಸಿಕೊಳ್ಳುವುದೇ ಇಲ್ಲ.

ನಾನೀಗ ಪಾಠ ಮಾಡುವ ಬಸವಕಲ್ಯಾಣಕ್ಕೆ ಈ ವಿಷಯ ಹೊಸದಲ್ಲ. ಹನ್ನೆರಡನೇ ಶತಮಾನದ ಮಾದಾರ ಧೂಳಯ್ಯ, ಡೋಹರ ಕಕ್ಕಯ್ಯ, ಉರಿಲಿಂಗಪೆದ್ದಿಯ ಹೆಂಡತಿ ಕಾಳವ್ವೆ ಇವರೆಲ್ಲರಿಗೂ ತಮ್ಮತಮ್ಮ ಅಂಕಿತವಿತ್ತು. ಮಾತು ಯಾರದೆಂದು ಅಂಕಿತವೇ ಹೇಳುತ್ತಿತ್ತು. ಮುಂದೆ ‘ವಚನ ದೀಪ್ತಿ’ ಎಂಬ ಸಂಪಾದನೆಯಲ್ಲಿ ಬಸವಣ್ಣನ ‘ಕೂಡಲಸಂಗಮದೇವ’ ಹೋಗಿ ‘ಲಿಂಗದೇವ’ ಬಂದಾಗ ದೊಡ್ಡ ಗದ್ದಲವೇ ಎದ್ದಿತು. 1998ರಲ್ಲಿ ಸರಕಾರ ಪುಸ್ತಕವನ್ನು ಮುಟ್ಟುಗೋಲು ಹಾಕಿತು, 2017ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಬಸವಣ್ಣನ ಅಂಕಿತಕ್ಕೆ ಇಷ್ಟು ಕಾಳಜಿ ಇರುವ ನಾಡಿನಲ್ಲಿ ಬೀಸುವ ಪದದವಳ ಹೆಸರಿಗೆ ಯಾಕಿಲ್ಲ?

ಆಗದ ಕೆಲಸವೇನಲ್ಲ ಇದು. ತುಳುನಾಡಿನ ಗೋಪಾಲ ನಾಯ್ಕರು 1990ರಲ್ಲಿ ಹಾಡಿದ ಸಿರಿ ಕಾವ್ಯದ 15,683 ಸಾಲುಗಳನ್ನು ಫಿನ್ಲೆಂಡಿನ ಲೌರಿ ಹಾಂಕೊ ಅವರು ವಿವೇಕ ರೈ, ಚಿನ್ನಪ್ಪಗೌಡರ ಜೊತೆ ಸೇರಿ 1998ರಲ್ಲಿ ಪ್ರಕಟಿಸಿದರು. ಗೋಪಾಲ ನಾಯ್ಕರ ಹೆಸರು ಇರುವುದು ಅನುಬಂಧದಲ್ಲಲ್ಲ, ಪುಸ್ತಕದ ಶೀರ್ಷಿಕೆಯಲ್ಲೇ.

ನಾವು, ದಲಿತ ಸಂಶೋಧಕರು, ಇದಕ್ಕೆ ಹೊರತೇನಲ್ಲ. ಕೇರಿಯಲ್ಲಿ ಹುಟ್ಟಿದ್ದೇವೆಂದು ಕೇರಿಯವರ ಮಾತೆಲ್ಲ ನಮ್ಮ ಸ್ವತ್ತಾಗುವುದಿಲ್ಲ. ಮೊಬೈಲ್ ತೆಗೆಯುವ ಮೊದಲೇ ಈ ಮಾತು ಎಲ್ಲಿ ಅಚ್ಚಾಗುತ್ತದೆ, ಇದರಿಂದ ನನಗೇನು ಸಿಗುತ್ತದೆ ಎಂದು ಅವರ ಮಾತಿನಲ್ಲೇ ಹೇಳಬೇಕು. ಹೆಸರು ಹಾಕಲೋ ಬೇಡವೋ ಎಂದು ಕೇಳಬೇಕು. ಹೋಟೆಲಿನಲ್ಲಿ ಚಹಾ ಕೊಡದ ಕಥೆ ಹೇಳಿದವನಿಗೆ ಹೆಸರೇ ಅಪಾಯ ತರಬಹುದು. ಆಗ ಅವನ ಹೆಸರು ಮಾತ್ರವಲ್ಲ, ಊರಿನ ಗುರುತನ್ನೂ ಮುಚ್ಚಬೇಕು. ಹುಮನಾಬಾದಿನಲ್ಲಿ ಬಸ್ಸಿಳಿಯದೆ ‘ಕ್ಷೇತ್ರಕಾರ್ಯ’ದ ಕೋಷ್ಟಕ ತುಂಬಬಾರದು. ತಿರುಗಾಡಿದ್ದು ವಿದ್ಯಾರ್ಥಿಯಾದರೆ ಗುರುಗಳ ಹೆಸರು ಮುಂದೆ ಬರಬಾರದು. ಅಚ್ಚಾದ ಮೇಲೆ ಪ್ರತಿ ಒಯ್ದು ಅವರೆದುರು ಕೂತು ಓದಿ ಹೇಳಬೇಕು.

ಜಗಳ ಒಬ್ಬ ವ್ಯಕ್ತಿಯ ಮೇಲೆ ಹೋಗಬಾರದೆಂದು ಆ ಪುಸ್ತಕದ ಹೆಸರನ್ನೂ ಆಯಿಯ ಹೆಸರನ್ನೂ ಇಲ್ಲಿ ಬರೆದಿಲ್ಲ. ಆಕೆಯ ಹೆಸರು ಬರಬೇಕಾದದ್ದು ನನ್ನ ಲೇಖನದಲ್ಲಲ್ಲ, ಆ ಹಾಡುಗಳ ಕೆಳಗೆ.