ಮೊದಲ ಟ್ರ್ಯಾಕ್ ಡೇ: ಬೈಕೂ ನೀವೂ ಇಬ್ರೂ ಸರಿಯಾಗಿ ಮನೆಗೆ ಬರಬೇಕು

ಚೆನ್ನೈನಿಂದ ರಾತ್ರಿ ಬಸ್ಸಲ್ಲಿ ಊರಿಗೆ ಹೋಗೋರೆಲ್ಲ ಈ ಜಾಗದ ಪಕ್ಕದಲ್ಲೇ ಹೋಗಿರ್ತೀರ. ಬೆಂಗಳೂರು ಹೈವೇಲಿ ಶ್ರೀಪೆರಂಬದೂರಿಗೆ ಸ್ವಲ್ಪ ಮುಂಚೆ ಇರುಂಗಾಟ್ಟುಕೋಟ್ಟೈ ಅಂತ ಬರುತ್ತೆ. ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್‌ನ ರೇಸ್ ಟ್ರ್ಯಾಕ್ ಇರೋದು ಅಲ್ಲೇ. ಉದ್ದ ಸುಮಾರು 3.7 ಕಿಲೋಮೀಟರ್, 12 ತಿರುವು. ಎರಡು ವರ್ಷ ನಾನೂ ಅದರ ಪಕ್ಕದಲ್ಲಿ ನಿದ್ದೆ ಮಾಡ್ಕೊಂಡೇ ಊರಿಗೆ ಹೋಗಿದ್ದೆ.

ಹೋದ ತಿಂಗಳು ನಮ್ಮ ಟೀಮಿಗೆ ಹೊಸದಾಗಿ ಬಂದ ದಾವಣಗೆರೆ ಹುಡುಗ ಕೇಳಿದ: "ಅಣ್ಣ, ಭಾನುವಾರ ಬೆಳಿಗ್ಗೆ ಇಸಿಆರ್‌ನಲ್ಲಿ 130 ಹೊಡೀತೀನಿ. ಟ್ರ್ಯಾಕಿಗೆ ಬರೋಕೆ ಇನ್ನೇನು ಕಲೀಬೇಕು?" ನಾನು ಶರ್ಟಿನ ಕಾಲರ್ ಸರಿಸಿ, ಭುಜದ ಹತ್ತಿರ ಉಬ್ಬಿರೋ ಮೂಳೆ ತೋರಿಸಿದೆ. ಇವತ್ತಿನ ಮಾತು ಅವನಿಗೆ ಹೇಳಿದ್ದೇ.

ಮೊದಲು ಒಂದು ವಿಷಯ. ವೇಗದ ಆಸೆ ಇದ್ದರೆ ಟ್ರ್ಯಾಕಿಗೇ ಬನ್ನಿ, ಇಸಿಆರ್ ಬೇಡ. ಟ್ರ್ಯಾಕಿನಲ್ಲಿ ಎದುರಿಂದ ಲಾರಿ ಬರಲ್ಲ, ನಾಯಿ ಅಡ್ಡ ಬರಲ್ಲ, ಆಂಬುಲೆನ್ಸ್ ಅಲ್ಲೇ ನಿಂತಿರುತ್ತೆ. ಆದರೆ ರಸ್ತೇಲಿ ಇರೋ ಒಂದು ಅಪಾಯ ಅಲ್ಲಿಗೂ ನಮ್ಮ ಜೊತೇನೇ ಬರುತ್ತೆ. ಅದು ನಮ್ಮ ಜಂಭ.

ಹೋಗೋ ಮುಂಚೆ ಮಾಡಬೇಕಾದ್ದು ಹೇಳ್ತೀನಿ. ಫುಲ್ ಫೇಸ್ ಹೆಲ್ಮೆಟ್, ಲೆದರ್ ಸೂಟ್, ಮಣಿಕಟ್ಟು ಮುಚ್ಚೋ ಗ್ಲೌಸ್, ಕಣಕಾಲು ದಾಟೋ ಬೂಟು, ಬೆನ್ನಿಗೆ ಪ್ರೊಟೆಕ್ಟರ್. ಜಾಕೆಟ್ಟು ಪ್ಯಾಂಟು ಬೇರೆ ಬೇರೆ ಆಗಿದ್ರೆ ಸೊಂಟದಲ್ಲಿ ಜಿಪ್ ಸೇರಬೇಕು, ಇಲ್ಲಾಂದ್ರೆ ಜಾರುವಾಗ ಜಾಕೆಟ್ ಮೇಲೇಳುತ್ತೆ. ಮೊದಲ ಸಲಕ್ಕೆ ಸೂಟ್ ಕೊಳ್ಳಬೇಡಿ, ಬಾಡಿಗೆಗೆ ಸಿಗುತ್ತೆ, ಆಯೋಜಕರನ್ನೇ ಕೇಳಿ. ಗಾಡೀಲಿ ಬ್ರೇಕ್ ಪ್ಯಾಡ್, ಚೈನ್, ಟೈರ್ ನೋಡಿಸಿ. ಕನ್ನಡಿ ಬಿಚ್ಚಿ, ಲೈಟಿಗೆ ಟೇಪ್ ಹಚ್ಚಿ, ಒಡೆದರೆ ಗಾಜು ಟ್ರ್ಯಾಕಿನ ಮೇಲೆ ಬೀಳಬಾರದು. ಹಲವು ಕಡೆ ಕೂಲೆಂಟ್ ತೆಗೆದು ಬರೀ ನೀರು ಹಾಕಿಸ್ತಾರೆ. ಕೂಲೆಂಟ್ ಚೆಲ್ಲಿದರೆ ಹಿಂದೆ ಬರೋನು ಎಣ್ಣೆ ಮೇಲೆ ಹೋದ ಹಾಗೆ ಜಾರ್ತಾನೆ.

ಇನ್ಶೂರೆನ್ಸ್ ವಿಷಯ ಯಾರೂ ಹೇಳಲ್ಲ. ನಮ್ಮ ಸಾಮಾನ್ಯ ಬೈಕ್ ಪಾಲಿಸೀಲಿ ರೇಸಿಂಗ್, ಸ್ಪೀಡ್ ಟೆಸ್ಟಿಂಗ್‌ಗೆ ರಕ್ಷಣೆ ಇಲ್ಲ ಅಂತ ಬರೆದೇ ಇರುತ್ತೆ. ಟ್ರ್ಯಾಕಿನಲ್ಲಿ ಬಿದ್ದ ಬೈಕಿನ ಖರ್ಚು ನಿಮ್ಮದೇ ಅಂದ್ಕೊಂಡೇ ಹೋಗಿ. ಕಂಪನಿಯ ಮೆಡಿಕಲ್ ಪಾಲಿಸಿ ಏನು ಹೇಳುತ್ತೆ ಅಂತ ಎಚ್‌ಆರ್‌ಗೆ ಮೇಲ್ ಹಾಕಿ, ಉತ್ತರ ಬರವಣಿಗೇಲೇ ತಗೊಳ್ಳಿ.

ಬೆಳಿಗ್ಗೆ ಬ್ರೀಫಿಂಗ್ ಇರುತ್ತೆ. ಅದನ್ನ ಆಫೀಸಿನ ಟ್ರೈನಿಂಗ್ ಥರ ಮ್ಯೂಟ್ ಮಾಡ್ಕೊಂಡು ಕೂರಬೇಡಿ. ಬಾವುಟಗಳನ್ನ ಬಾಯಿಪಾಠ ಮಾಡಿ. ಹಳದಿ ಅಂದ್ರೆ ಮುಂದೆ ಅಪಾಯ, ಓವರ್‌ಟೇಕ್ ಇಲ್ಲ. ಕೆಂಪು ಅಂದ್ರೆ ಸೆಷನ್ ನಿಂತಿದೆ. ಗಕ್ಕನೆ ಬ್ರೇಕ್ ಹಾಕದೆ, ನಿಧಾನವಾಗಿ ಪಿಟ್‌ಗೆ ಬನ್ನಿ. ಕಪ್ಪು ನಿಮಗೆ ತೋರಿಸಿದರೆ ನೀವೇ ಒಳಗೆ ಬರಬೇಕು. ಕೆಂಪು ಹಳದಿ ಪಟ್ಟೆ ಇದ್ದರೆ ಟ್ರ್ಯಾಕ್ ಜಾರ್ತಾ ಇದೆ. ಹಿಂದೆ ಯಾರು ಬರ್ತಿದಾರೆ ಅಂತ ತಿರುಗಿ ನೋಡೋ ಕೆಲಸ ನಿಮ್ಮದಲ್ಲ. ದಾಟಿ ಹೋಗೋನದ್ದೇ ಜವಾಬ್ದಾರಿ. ನೀವು ನಿಮ್ಮ ದಾರೀಲಿ ಹೋಗಿ, ಇದ್ದಕ್ಕಿದ್ದಂತೆ ಪಕ್ಕಕ್ಕೆ ಸರೀಬೇಡಿ. ಪಿಟ್‌ಗೆ ಬರೋವಾಗ ಕೈ ಎತ್ತಿ ತೋರಿಸಿ.

ಇನ್ನು ಓಡಿಸೋದು. ಮೊದಲ ದಿನ ಕಲೀಬೇಕಾದ್ದು ಎರಡೇ: ಕಣ್ಣು ಮುಂದೆ ಹೋಗಬೇಕು, ಕೈ ಮೆತ್ತಗಿರಬೇಕು. ಬೈಕ್ ನಾವು ನೋಡಿದ ಕಡೆ ಹೋಗುತ್ತೆ. ತಿರುವಿಗೆ ಬರೋ ಮುಂಚೆನೇ ತಿರುವು ಮುಗಿಯೋ ಜಾಗ ನೋಡಿ. ಭಯಕ್ಕೆ ಹುಲ್ಲು ನೋಡಿದ್ರೋ, ಹುಲ್ಲಿಗೇ ಹೋಗ್ತೀರ.

ಟೈರಿನ ಹಿಡಿತ ನಮ್ಮ ಸಂಬಳ ಇದ್ದ ಹಾಗೆ. ಬ್ರೇಕ್ ಹಾಕೋದು ಮನೆ ಬಾಡಿಗೆ, ಬೈಕ್ ವಾಲಿಸೋದು ಇಎಂಐ. ಎರಡೂ ಒಂದೇ ಅಕೌಂಟಿನಿಂದ ಹೋಗಬೇಕು. ಪೂರ್ತಿ ವಾಲಿಸಿದ ಮೇಲೆ ಮುಂದಿನ ಬ್ರೇಕ್ ಗಕ್ಕನೆ ಹಿಡಿದ್ರೆ ಅಕೌಂಟಲ್ಲಿ ದುಡ್ಡಿರಲ್ಲ. ಅದಕ್ಕೇ ಕಲಿಯೋವಾಗ ಬ್ರೇಕ್ ನೇರ ಇರೋವಾಗಲೇ ಮುಗಿಸಿ, ಆಮೇಲೆ ತಿರುಗಿ, ತಿರುವು ತೆರೆದುಕೊಳ್ತಾ ಹೋದ ಹಾಗೆ ಥ್ರಾಟಲ್ ನಿಧಾನಕ್ಕೆ ಕೊಡಿ. ಇನ್ನೊಂದು ಲೆಕ್ಕ ನೆನಪಿರಲಿ: ವೇಗ ಎರಡು ಪಟ್ಟಾದರೆ ನಿಲ್ಲಿಸೋಕೆ ಬೇಕಾದ ಬ್ರೇಕಿಂಗ್ ದೂರ ಸುಮಾರು ನಾಲ್ಕು ಪಟ್ಟು. 60ರಲ್ಲಿ ಬಂದ ಧೈರ್ಯ 120ರಲ್ಲಿ ಸಾಲಲ್ಲ.

ಈಗ ನನ್ನ ಮೂಳೆ ಕಥೆ. ನನ್ನ ಮೊದಲ ಟ್ರ್ಯಾಕ್ ಡೇ ದಿನ ಐದು ಸೆಷನ್ ಚೆನ್ನಾಗಿ ಹೋಯ್ತು. ಆರನೇದು ಕೊನೇದು. ಚೆನ್ನೈ ಬಿಸಿಲು, ಸೂಟಿನೊಳಗೆ ಬೆವರು, ಕೈ ಬಿಗಿದಿತ್ತು, ನೀರೂ ಸರಿಯಾಗಿ ಕುಡಿದಿರಲಿಲ್ಲ. ನನ್ನ 390ನ್ನ ಒಬ್ಬ ಹುಡುಗ 200 ಸಿಸಿ ಬೈಕಲ್ಲಿ ದಾಟಿ ಹೋದ. ಅಷ್ಟೇ ಸಾಕಾಯ್ತು. ಅವನ ಹಿಂದೆ ಬಿದ್ದೆ. ಅವನು ಎಲ್ಲಿ ಬ್ರೇಕ್ ಹಾಕ್ತಾನೋ ಅಲ್ಲೇ ಹಾಕಿದೆ. ಅವನಿಗೆ ಆ ತಿರುವು ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ. ಅರ್ಧ ತಿರುವಲ್ಲಿ ಹುಲ್ಲು ನೋಡಿದೆ, ವಾಲಿದ ಬೈಕಿನ ಮುಂದಿನ ಬ್ರೇಕ್ ಹಿಡಿದೆ. ಮುಂದಿನದ್ದು ಕಣ್ಣಿಗೆ ಕಟ್ಟಿದ ಹಾಗಿದೆ, ಆದರೆ ಹೇಳೋಕೆ ಏನೂ ಇಲ್ಲ. ಅದು ಒಂದು ಸೆಕೆಂಡಿನ ಕೆಲಸ.

ಕಾಲರ್ ಬೋನ್ ಮುರೀತು. ಆರು ವಾರ ಎಡಗೈಲಿ ಟೈಪ್ ಮಾಡಿದೆ. ಅಮ್ಮನಿಗೆ ಬಾತ್‌ರೂಮಲ್ಲಿ ಜಾರಿ ಬಿದ್ದೆ ಅಂದೆ. ಊರಿಗೆ ಹೋದಾಗ ಅಮ್ಮ ಭುಜ ಮುಟ್ಟಿ ನೋಡಿ, "ಬಾತ್‌ರೂಮಲ್ಲಿ ಬಿದ್ದೋರಿಗೆ ಬೈಕ್ ರಿಪೇರಿ ಯಾಕಪ್ಪ ಮಾಡಿಸ್ಬೇಕು?" ಅಂದ್ರು. ತಮ್ಮ ಹೇಳಿಬಿಟ್ಟಿದ್ದ.

ಬಿದ್ದಾಗ ನಾನು ಸರಿಯಾಗಿ ಮಾಡಿದ್ದು ಒಂದೇ. ಬೈಕ್ ಬಿಟ್ಟುಬಿಟ್ಟೆ, ಜಾರೋದು ಪೂರ್ತಿ ನಿಂತಿದೆ ಅಂತ ಖಾತ್ರಿ ಆಗೋವರೆಗೂ ಏಳಲಿಲ್ಲ. ನಿಂತೆ ಅಂದ್ಕೊಂಡು ಜಾರ್ತಾ ಇರೋವಾಗಲೇ ಏಳೋಕೆ ಹೋದರೆ ಇನ್ನೊಮ್ಮೆ ಉರುಳ್ತೀರ. ಎದ್ದ ಮೇಲೆ ಬೈಕ್ ಎತ್ತೋಕೆ ಓಡಬೇಡಿ. ಮೊದಲು ಬರೋ ಗಾಡಿಗಳನ್ನ ನೋಡಿ ಹೊರಗೆ ಬನ್ನಿ, ಮಾರ್ಷಲ್ ಹೇಳಿದ ಹಾಗೆ ಕೇಳಿ.

ಹಾಗಾಗಿ ಆ ದಾವಣಗೆರೆ ಹುಡುಗನಿಗೆ ಹೇಳಿದ್ದು ಇಷ್ಟು: ಹೊಸಬರ ಗ್ರೂಪಲ್ಲೇ ಸೇರು. ಟೈಮರ್ ಹಾಕಬೇಡ. ಯಾರು ದಾಟಿದ್ರೂ ದಾಟಲಿ, ಅದರಲ್ಲಿ ಸೋಲಿಲ್ಲ. ಪ್ರತಿ ಸೆಷನ್ ಆದಮೇಲೆ ನೆರಳಲ್ಲಿ ಕೂತು ನೀರು ಕುಡಿ, ಯಾವ ತಿರುವಲ್ಲಿ ಕಣ್ಣು ತಡವಾಯ್ತು ಅಂತ ಯೋಚಿಸು. ಸುಸ್ತಾದ್ರೆ ಕೊನೇ ಸೆಷನ್ ಬಿಟ್ಟುಬಿಡು. ದುಡ್ಡು ಕಟ್ಟಿದೀನಿ ಅನ್ನೋದು ಕಾರಣ ಅಲ್ಲ.

ದೆಹಲಿಯವರಿಗೆ ಗ್ರೇಟರ್ ನೋಯ್ಡಾದ ಬುದ್ಧ್ ಸರ್ಕ್ಯೂಟ್ ಇದೆ, 5 ಕಿಲೋಮೀಟರ್‌ಗಿಂತ ಉದ್ದ, 2023ರಲ್ಲಿ ಮೋಟೋಜಿಪಿ ನಡೆದಿದ್ದು ಅಲ್ಲೇ. ಕೊಯಮತ್ತೂರಲ್ಲಿ ಕರಿ ಮೋಟಾರ್ ಸ್ಪೀಡ್‌ವೇ ಇದೆ. ಎಲ್ಲಿಗೆ ಹೋದ್ರೂ ನಿಯಮ ಇದೇ.

ಹುಡುಗ ಕಳೆದ ಶನಿವಾರ ಹೋಗಿ ಬಂದ. ಐದು ಸೆಷನ್ ಓಡಿಸಿದನಂತೆ, ಆರನೇದಕ್ಕೆ ಹೋಗಲಿಲ್ಲ. ಸಂಜೆ ಮನೆಗೆ ಫೋನ್ ಮಾಡಿ ನಿಜಾನೇ ಹೇಳಿದ. ನೀವೂ ಹೋಗೋ ಮುಂಚೆ ಮನೇಲಿ ಹೇಳಿಬಿಡಿ. ಮತ್ತೆ ಸಿಗೋಣ.