ಎಲ್ಲಿ ಕುಳಿತುಕೊಳ್ಳೋಣ?

ಕುಳಿತು ಉಂಡರೆ ಕುಡಿಕೆ ಹೊನ್ನೂ ಸಾಲದೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ಮುಂಬಯಿಗೆ ಬಂದ ಕನ್ನಡಿಗರಿಗೆ ಆ ಭಯವಿಲ್ಲ. ಇಲ್ಲಿ ಕುಳಿತುಕೊಳ್ಳುವದೇ ದುರ್ಲಭ! ಊರ ಜಗಲಿಯ ಮೇಲೆ ಬೇಕಾದಲ್ಲಿ ಒರಗುತ್ತಿದ್ದ ನಾವು ಲೋಕಲ್ ಗಾಡಿಯಲ್ಲಿ ಗೇಣು ಹಲಗೆಗಾಗಿ ಲೆಕ್ಕ ಹಾಕುತ್ತೇವೆ. ಹೊಸದಾಗಿ ಬಂದವರು ಇದನ್ನು ಕಂಡು ನಗಬಹುದು. ಒಂದು ತಿಂಗಳು ಕಳೆಯಲಿ, ಅವರೂ ಲೆಕ್ಕ ಹಾಕತೊಡಗುತ್ತಾರೆ.

1853ರ ಎಪ್ರಿಲ್ 16ರಂದು ಬೋರಿಬಂದರದಿಂದ ಠಾಣೆಗೆ ದೇಶದ ಮೊದಲ ಪ್ರಯಾಣಿಕರ ಗಾಡಿ ಹೊರಟಾಗ, 14 ಡಬ್ಬಿಗಳಲ್ಲಿ ಸುಮಾರು 400 ಜನ ಅತಿಥಿಗಳು ಕುಳಿತಿದ್ದರು. ಇಂದು ಕಚೇರಿಯ ವೇಳೆಯಲ್ಲಿ ಒಂದೇ ಡಬ್ಬಿಯಲ್ಲಿ ಅಷ್ಟು ಜನರನ್ನು ಕಾಣುವದು ಕಷ್ಟವಲ್ಲ.

ಮೊದಲು ಬಿಸಿಲಿನ ವಿಚಾರ. ಪಶ್ಚಿಮ ರೇಲ್ವೆಯ ಹಳಿ ಹೆಚ್ಚುಕಡಿಮೆ ಉತ್ತರ ದಕ್ಷಿಣವಾಗಿ ಹರಿದಿದೆ. ಬೆಳಿಗ್ಗೆ ಚರ್ಚ್‌ಗೇಟಿಗೆ ಹೋಗುವಾಗ ಸೂರ್ಯ ಮೂಡಲಲ್ಲಿ, ಅಂದರೆ ನಮ್ಮ ಎಡಕ್ಕೆ. ಸಂಜೆ ಬೋರಿವಲಿಯತ್ತ ಮರಳುವಾಗ ಅವನು ಪಡುವಲಲ್ಲಿ. ಆಗಲೂ ನಮ್ಮ ಎಡಕ್ಕೇ! ಆದುದರಿಂದ ಗಾಡಿ ಹೋಗುವ ದಿಕ್ಕಿಗೆ ಮುಖಮಾಡಿ ಬಲಗಡೆ ಕುಳಿತವರಿಗೆ ಎರಡು ಹೊತ್ತೂ ನೆರಳು. ಮಳೆಗಾಲದಲ್ಲಿ ಮಾತ್ರ ಈ ಸೂತ್ರ ನಡೆಯದು. ಮಳೆ ಕಡಲ ಕಡೆಯಿಂದ ಬೀಸಿ ಹೊಡೆಯುತ್ತದೆ. ಆಗ ಬೆಳಿಗ್ಗೆ ಎಡಗಡೆ, ಸಂಜೆ ಬಲಗಡೆ ಕುಳಿತರೆ ಅಂಗಿ ಒಣಗಿದ್ದೀತು. ಆದರೂ ಸಂಜೆ ಮರೀನ್ ಲೈನ್ಸ್ ದಾಟುವಾಗ ಎಡಗಡೆಯ ಕಿಡಕಿಯಲ್ಲಿ ಸಮುದ್ರ ಕಾಣುತ್ತದೆ. ಕರಾವಳಿಯಿಂದ ಬಂದವರು ಅದಕ್ಕಾಗಿ ಬಿಸಿಲನ್ನೂ ಸಹಿಸುತ್ತಾರೆ.

ಇನ್ನು ಹಲಗೆಯ ವಿಚಾರ. ಅದು ಮೂವರಿಗಾಗಿ ಮಾಡಿದ್ದು, ರೂಢಿಯಲ್ಲಿ ನಾಲ್ವರದು. ನಾಲ್ಕನೆಯವನ ಅರ್ಧ ದೇಹ ಓಣಿಯಲ್ಲಿರುತ್ತದೆ. "ಜರಾ ಸರ್ಕೋ" ಎಂದರೆ ಸಾಕು, ಮೂವರೂ ಒಂದಿಷ್ಟು ಕುಗ್ಗುತ್ತಾರೆ. ಯಾವ ಕಾಯಿದೆಯಲ್ಲಿಯೂ ಇಲ್ಲದ ಈ ನಾಲ್ಕನೆಯ ಸ್ಥಳವೇ ಮುಂಬಯಿಯ ನಿಜವಾದ ಸೌಜನ್ಯವೆಂದು ನಮಗೆ ಅನಿಸುತ್ತದೆ. ಅರ್ಧ ದಾರಿ ಕುಳಿತು, ನಿಂತವರಿಗೆ ಎದ್ದು ಕೊಡುವ ಗುಂಪುಗಳೂ ಇವೆ. ಆದರೆ ಚೀಲವಿಟ್ಟು ಇನ್ನೂ ಬಾರದ ಗೆಳೆಯನಿಗಾಗಿ ಸ್ಥಳ ಹಿಡಿಯುವ ಗುಂಪುಗಳಿಗೂ ಕೊರತೆಯಿಲ್ಲ. ನಾವು ಕನ್ನಡದವರು ನಾಲ್ವರು ಕೂಡಿದಲ್ಲಿ ಮೊದಲನೆಯ ಪಂಗಡಕ್ಕೆ ಸೇರಿದರೆ ಒಳ್ಳೆಯದು.

ಸಂಸಾರ ಸಮೇತ ಹೊರಟಾಗ ಇನ್ನೊಂದು ಚಿಂತೆ. ಹೆಂಗಸರ ಡಬ್ಬಿಯಲ್ಲಿ ಮನೆಯಾಕೆ, ಇತ್ತ ನಾವು. ಇಳಿಯುವ ಸ್ಟೇಶನ್ನನ್ನಷ್ಟೇ ಹೇಳಿದರೆ ಸಾಲದು. ಯಾವ ಸೇತುವೆಯ ಬುಡದಲ್ಲಿ ಕಾಯಬೇಕೆಂಬದನ್ನೂ ಮೊದಲೇ ಗೊತ್ತುಮಾಡಿಕೊಳ್ಳಬೇಕು. ದಾದರದ ಜಂಗುಳಿಯಲ್ಲಿ ಹುಡುಕುವದೆಂದರೆ ಜಾತ್ರೆಯಲ್ಲಿ ಹುಡುಕಿದಂತೆ.

ಇಷ್ಟೆಲ್ಲ ಲೆಕ್ಕ ಏಕೆ? ಗುಮಾಸ್ತನು ಕಚೇರಿಯಲ್ಲಿ ಕುಳಿತೇ ಇರುತ್ತಾನಲ್ಲ ಎಂದು ಕೆಲವರು ಕೇಳುತ್ತಾರೆ. ದೂರದ ವಿರಾರಕ್ಕೋ ಡೊಂಬಿವಲಿಗೋ ನಿಂತು ಬಂದವನು ಮನೆಯಲ್ಲಿ ಮಾತಿಗೆ ಮುಂಚೆ ಸಿಡುಕುತ್ತಾನೆ. ಕುಳಿತು ಬಂದವನಿಗೆ ಮಗುವನ್ನು ಮಗ್ಗುಲಲ್ಲಿ ಕೂಡ್ರಿಸಿಕೊಂಡು ಕನ್ನಡದ ನಾಲ್ಕು ಸಾಲು ಓದಿಸುವಷ್ಟು ತ್ರಾಣ ಉಳಿದಿರುತ್ತದೆ. ಶಾಲೆಯಲ್ಲಿ ಕನ್ನಡ ಕಲಿಯದ ನಮ್ಮ ಮಕ್ಕಳ ಪಾಲಿಗೆ ಆ ಅರ್ಧ ಗಂಟೆಯೇ ಪಾಠಶಾಲೆ. ಆದುದರಿಂದಲೇ ಕೆಲವರು ಮೊದಲ ಸ್ಟೇಶನ್ನಿನವರೆಗೆ ಪಾಸು ತೆಗೆಸಿ, ಹಿಂದಕ್ಕೆ ಹೋಗಿ ಕುಳಿತು ಬರುತ್ತಾರೆ. ಹತ್ತು ನಿಮಿಷ ಹೆಚ್ಚು ಹೋದರೂ ಅದು ನಷ್ಟವಲ್ಲ.

ಎಲ್ಲಿಯೂ ಸ್ಥಳವಿಲ್ಲದಾಗ ಬಾಗಿಲು ಕರೆಯುತ್ತದೆ. ಅಲ್ಲಿ ಗಾಳಿಯೂ ಇದೆ. 2025ರ ಜೂನ್ 9ರಂದು ಮುಂಬ್ರಾದ ಬಳಿ ಕಿಕ್ಕಿರಿದ ಲೋಕಲ್ ಗಾಡಿಗಳಿಂದ ಜನ ಹಳಿಯ ಮೇಲೆ ಬಿದ್ದು, ಕೆಲವರು ಮನೆಗೆ ಮರಳಲೇ ಇಲ್ಲ. ಬಾಗಿಲು ತಾನಾಗಿ ಮುಚ್ಚುವ ಹವಾನಿಯಂತ್ರಿತ ಲೋಕಲ್ 2017ರ ಡಿಸೆಂಬರ 25ರಿಂದ ಓಡುತ್ತಿದೆ. ಅದರ ದರ ಎಲ್ಲರ ಸಂಬಳಕ್ಕೆ ನಿಲುಕುವಂಥದಲ್ಲ. ಬಾಗಿಲಿಗೆ ಜೋತುಬಿದ್ದವರೆಲ್ಲ ಹುಡುಗಾಟಿಕೆಯವರಲ್ಲ. ಹಲವರು ಹಾಜರಿಗೆ ಅಂಜಿದವರು. ಆದರೂ ಹಾಜರಿ ಪುಸ್ತಕದ ಕೆಂಪು ಗುರುತು ನಾಳೆ ಅಳಿಸೀತು. ತುಂಬಿದ ಗಾಡಿಯನ್ನು ಬಿಟ್ಟು ಮುಂದಿನದಕ್ಕೆ ನಿಲ್ಲುವದೂ ಸ್ಥಳ ಆರಿಸುವ ಜಾಣತನದಲ್ಲಿ ಒಂದು. ಮನೆಯಲ್ಲಿ ಕಾದಿರುವವರಿಗೆ ನಾವು ಎಡಕ್ಕೆ ಕುಳಿತೆವೋ ಬಲಕ್ಕೋ ಎಂಬದು ಮುಖ್ಯವಲ್ಲ, ಬಂದೆವೆಂಬದೇ ಮುಖ್ಯ.